ಕುರ್ಚಿಯಲ್ಲಿ ಕೂರದ ಮೇಷ್ಟ್ರು

ಕಂಪ್ಯೂಟರ್ ರಿಪೇರಿಗೆಂದು ಬಂದವರು ಕುರ್ಚಿ ಎಳೆದುಕೊಂಡು ಕೂತು, ನಮಗೆ ಬೆನ್ನು ಕೊಟ್ಟು, ಪಟಪಟನೆ ಏನೇನೋ ಒತ್ತಿ, 'ಆಯ್ತು ಸಾರ್, ಸರಿಹೋಯ್ತು' ಎಂದು ಎದ್ದು ಹೋಗುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಏನು ಕೆಟ್ಟಿತ್ತು, ಹೇಗೆ ಸರಿಹೋಯಿತು ಎರಡೂ ನಮಗೆ ಗೊತ್ತಾಗುವುದಿಲ್ಲ. ಮೇಷ್ಟ್ರು ಹಾಗಲ್ಲ. ಅವರು ಕುರ್ಚಿಯಲ್ಲಿ ಕೂರುತ್ತಲೇ ಇರಲಿಲ್ಲ. ಮನೆಯವರನ್ನು ಕೂರಿಸಿ, ತಾವು ಹಿಂದೆ ನಿಂತು, ಎರಡೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಳ್ಳುತ್ತಿದ್ದರು. ಡಬ್ಬಿಯ ಒಳಗಿನ ಕೆಲಸಕ್ಕೆ ಸ್ಕ್ರೂಡ್ರೈವರ್ ಹಿಡಿಯುತ್ತಿದ್ದರೇ ಹೊರತು ಮೌಸು, ಕೀಬೋರ್ಡು ಮುಟ್ಟಿದವರಲ್ಲ. ಅವರನ್ನು ಬಲ್ಲ ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಅವರು ಆ ಕುರ್ಚಿಯಲ್ಲಿ ಕೂತರು. ಅದು ನಮ್ಮ ಮನೆಯಲ್ಲಿ. ಅವತ್ತು ಯಾಕೆ ಕೂತರು ಎಂಬುದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ. ಈಗ ಅವರಿಲ್ಲ. ನಾನೊಬ್ಬನೇ ಉಳಿದಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಬೀದಿಯಲ್ಲಿ ಆ ಹೆಸರಿಗೆ ಒಂದು ಸುಳ್ಳು ಅಂಟಿಕೊಂಡಿದೆ. ಅಂಟಿಸಿದವನು ನಾನು. ಅದನ್ನು ಬಿಡಿಸುವ ಮೊದಲು ಆ ಹೆಸರನ್ನು ಬಾಯಲ್ಲಿ ಆಡಲು ನನಗೆ ಯೋಗ್ಯತೆ ಇಲ್ಲ. ಎಲ್ಲರೂ ಕರೆಯುತ್ತಿದ್ದ ಹಾಗೆ ಮೇಷ್ಟ್ರು ಎಂದೇ ಕರೆಯುತ್ತೇನೆ.

ಅವರು ನಿಜವಾಗಿಯೂ ಮೇಷ್ಟ್ರೇ. ಬಾಗಲಕೋಟೆ ಕಡೆಯವರು. ಅಲ್ಲಿ ಟೈಪಿಂಗ್ ಕಲಿಸುತ್ತಿದ್ದರಂತೆ. ಸಾಲಾಗಿ ಮೆಷಿನ್ನುಗಳು, ಅವುಗಳ ಹಿಂದೆ ಕೈಕಟ್ಟಿಕೊಂಡು ಓಡಾಡುವ ಮೇಷ್ಟ್ರು. ಟೈಪ್‌ರೈಟರ್ ಕಾಲ ಮುಗಿದ ಮೇಲೆ ಶಾಲೆ ಮುಚ್ಚಿ ಬೆಂಗಳೂರಿಗೆ ಬಂದು ಬಿಟಿಎಂ ಲೇಔಟಿನ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ತಿಲಕ್ ನಗರದಲ್ಲಿ ಒಂದು ರೂಮು. ವಾರವೆಲ್ಲ ಕಚೇರಿ, ಭಾನುವಾರ ಮನೆ ಮನೆ ಕಂಪ್ಯೂಟರು. ಹೊಸ ಕಂಪ್ಯೂಟರಿನ ಮನೆಗಳಿಗೆ ಅವರು ಹೋದದ್ದನ್ನು ನಾನು ಕಾಣೆ. ಮಕ್ಕಳು ಕಾಲೇಜಿಗೆಂದು ಕೊಂಡು, ಮದುವೆಯಾಗಿ ಹೋಗುವಾಗ ಬಿಟ್ಟುಹೋದ, ಮೇಲೆ ಕಸೂತಿ ಬಟ್ಟೆ ಹೊದ್ದು ಕೂತ ದಪ್ಪ ಡಬ್ಬಿಗಳೇ ಅವರಿಗೆ ಇಷ್ಟ.

ನಮ್ಮ ಮನೆಯದೂ ಅಂಥದ್ದೇ. ನಾವು ಚಿಕ್ಕಲಸಂದ್ರದ ಹಳೆಯ ಮನೆತನದವರು. ಈಗ ಮೂರಂತಸ್ತಿನ ಮನೆಗಳಿರುವ ನಮ್ಮ ಬೀದಿ ನನ್ನ ಹುಡುಗುತನದಲ್ಲಿ ಅವರೆಕಾಯಿ ಹೊಲ. ನಾನು ಹತ್ತನೇ ಕ್ಲಾಸಿನವರೆಗೆ ಓದಿ, ಹೊಲ ಇರುವವರೆಗೆ ಉತ್ತು, ಹೊಲ ಸೈಟುಗಳಾದ ಮೇಲೆ ಮನೆ ಕಟ್ಟಿ ಬಾಡಿಗೆಗೆ ಕೊಟ್ಟವನು. ಮಗಳು ಓದಲೆಂದು ತಂದ ಕಂಪ್ಯೂಟರು ಅವಳು ತುಮಕೂರಿಗೆ ಮದುವೆಯಾಗಿ ಹೋದ ಮೇಲೆ ಹಾಲಿನ ಮೂಲೆಯಲ್ಲಿ ಉಳಿಯಿತು. ಒಂದು ದಿನ ಅದರಲ್ಲಿ ಯಾವ ಪೇಜೂ ತೆರೆಯದಾಯಿತು. ಏನು ಒತ್ತಿದರೂ ಈ ಜಾಗ ಸುರಕ್ಷಿತವಲ್ಲ ಎಂಬ ಕೆಂಪು ಎಚ್ಚರಿಕೆ. ನಾಲ್ಕು ರಸ್ತೆ ಕೂಡುವಲ್ಲಿನ ಅಂಗಡಿಯವನು ಬಂದು ನೋಡಿ, ಇದು ಸತ್ತುಹೋಗಿದೆ, ಹೊಸದು ತಗೊಳ್ಳಿ ಅಂಕಲ್ ಎಂದ. ಎದುರು ಮನೆಯ ಮೇಡಂ, ನಿವೃತ್ತ ಹೆಡ್‌ಮಿಸ್ಟ್ರೆಸ್ ಅವರು, ತಮ್ಮ ಮನೆಗೆ ಬರುವ ಮೇಷ್ಟ್ರನ್ನು ಕಳಿಸಿಕೊಟ್ಟರು.

ಮೇಷ್ಟ್ರು ಬಂದರು. ಅಗಲವಾದ ಹಣೆ, ಅರ್ಧ ತೋಳಿನ ಬಿಳಿ ಅಂಗಿ, ಹೆಗಲಿಗೆ ಕ್ಯಾನ್ವಾಸ್ ಚೀಲ. ಚಪ್ಪಲಿ ಬಿಟ್ಟು ಒಳಬಂದು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಪರದೆಯ ಕೆಳಗಿನ ಮೂಲೆಯಲ್ಲಿ ಏನಿದೆ ಓದಿ ಎಂದರು. ಓದಿದೆ. ಅಲ್ಲಿದ್ದದ್ದು ತಾರೀಖು. ಹತ್ತು ವರ್ಷ ಹಿಂದಿನದು.

"ಮತ್ತ ನೋಡ್ರಿ," ಎಂದರು. "ಎಲ್ಲಾರೂ ಮುಂದ ಬಂದಾರ, ನಿಮ್ಮ ಮೆಷಿನ್ ಒಂದು ಹಿಂದ ಕುಂತೈತಿ. ಹೊರಗಿನವರು ಬಂದು ಬಾಗಿಲಾ ಬಡದ್ರ, ನೀವು ಯಾರು, ನೀವಿನ್ನೂ ಹುಟ್ಟೇ ಇಲ್ಲಲ್ಲ ಅಂತ ಕೇಳಾಕ್ಹತ್ತೈತಿ."

ಡಬ್ಬಿ ಬಿಚ್ಚಿ, ಒಳಗಿದ್ದ ಬಿಲ್ಲೆಯಷ್ಟು ದೊಡ್ಡ ಬ್ಯಾಟರಿ ತೆಗೆದು ಹೊಸದು ಹಾಕಿದರು. ಕರೆಂಟು ಹೋದಾಗಲೂ ಗಡಿಯಾರ ನಡೆಸುವ ಬ್ಯಾಟರಿ ಅದಂತೆ. ತಾರೀಖನ್ನು ನನ್ನ ಕೈಯಲ್ಲೇ ತಿದ್ದಿಸಿದರು. ಎಲ್ಲ ಪೇಜುಗಳೂ ತೆರೆದುಕೊಂಡವು. ಸತ್ತಿದ್ದ ಮೆಷಿನ್ನು ಒಂದು ಬಿಲ್ಲೆಗೆ ಎದ್ದು ಕೂತಿತು ಎಂದು ನಾನು ಒಂದು ವಾರ ಬಾಡಿಗೆಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಅವರ ಇನ್ನೊಂದು ಪದ್ಧತಿ ಎಂದರೆ ಓದಿಸುವುದು. ಪರದೆಯ ಮೇಲೆ ಏನೇ ಬರಲಿ, ಕೂತವರು ಅದನ್ನು ಗಟ್ಟಿಯಾಗಿ ಓದಬೇಕು. ಓದದೆ ಒತ್ತುವ ಹಾಗಿಲ್ಲ. ನನಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಬರುತ್ತದೆ. ನಾನು ತಡವರಿಸಿದರೆ ಅವರು ಅವಸರ ಮಾಡುತ್ತಿರಲಿಲ್ಲ. ಮನಸ್ಸಿನಲ್ಲೇ ಓದಿಕೊಂಡರೆ ಮಾತ್ರ ಹಿಂದಿನಿಂದ ದನಿ ಬರುತ್ತಿತ್ತು.

"ಜೋರಾಗಿ ಓದ್ರಿ, ಯಜಮಾನ್ರ. ಬಾಯಿ ಓದಿದ್ದ ಕಿವಿ ಕೇಳ್ತೈತಿ. ಕಣ್ಣು ಒಂದ ಓದಿದ್ರ ಕಳ್ಳತನ ಮಾಡ್ತೈತಿ."

ಆ ಪದ್ಧತಿಯ ಬೆಲೆ ನನಗಿಂತ ಮೊದಲು ತಿಳಿದದ್ದು ನನ್ನ ಹೆಂಡತಿಗೆ. ಅವಳು ನನಗಿಂತ ಎರಡು ಕ್ಲಾಸು ಹೆಚ್ಚು ಓದಿದವಳು. ಭಜನೆ ಮಂಡಳಿಯ ಹಾಡುಗಳನ್ನು ಕನ್ನಡದಲ್ಲಿ ಟೈಪು ಮಾಡಿ ಪ್ರಿಂಟು ತೆಗೆಯಬೇಕೆಂಬ ಆಸೆ ಅವಳದು. ಅದಕ್ಕೆಂದು ತಾನೇ ಒಂದು ತಂತ್ರಾಂಶ ಇಳಿಸಿಕೊಳ್ಳಲು ಹೋಗಿ, 'ನೆಕ್ಸ್ಟ್, ನೆಕ್ಸ್ಟ್' ಎಂದು ಒತ್ತಿ ಒತ್ತಿ, ಕನ್ನಡ ಬರುವ ಬದಲು ಬ್ರೌಸರಿನ ತಲೆಯ ಮೇಲೆ ನಾಲ್ಕು ಪಟ್ಟಿ ಬಂದು ಕೂತಿದ್ದವು. ಮೊದಲ ಪುಟ ಬೇರೆ ಯಾರದೋ ಆಗಿತ್ತು. ನೋಡುವ ಕಿಂಡಿ ಒಂದು ಗೇಣಿಗೆ ಇಳಿದಿತ್ತು. ಮೇಷ್ಟ್ರು ಅವಳನ್ನು ಕೂರಿಸಿ ಆ ಪಟ್ಟಿಗಳನ್ನೆಲ್ಲ ಅವಳಿಂದಲೇ ತೆಗೆಸಿದರು. ಆಮೇಲೆ ಅದೇ ತಂತ್ರಾಂಶವನ್ನು ಮತ್ತೆ ಹಾಕಿಸಿದರು, ಪ್ರತಿ ಸಾಲನ್ನೂ ಓದಿಸಿ. ಮೂರನೆಯ ಪುಟದಲ್ಲಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಇದರ ಜೊತೆ ಅದನ್ನೂ ಹಾಕಲೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ತಾನೇ ಗುರುತು ಹಾಕಿಕೊಂಡಿತ್ತು. ನನ್ನ ಹೆಂಡತಿ ಅದನ್ನು ಗಟ್ಟಿಯಾಗಿ ಓದಿ, ಅರ್ಧಕ್ಕೆ ನಿಲ್ಲಿಸಿ, ಇದು ನನ್ನನ್ನ ಕೇಳ್ದೇನೇ ಹೂಂ ಅಂದ್ಬಿಟ್ಟಿದೆಯಲ್ಲ ಎಂದಳು. ಮೇಷ್ಟ್ರಿಗೆ ಆದ ಸಂತೋಷ ನೋಡಬೇಕಿತ್ತು.

ಅವತ್ತೇ ಅವರು ಒಂದು ಚೀಟಿ ಬರೆದು ಮಾನಿಟರಿನ ಕೆಳಗೆ ಅಂಟಿಸಿದ್ದು. ದುಂಡನೆಯ ಅಕ್ಷರ: 'ಓದಿ, ಆಮೇಲೆ ಒತ್ತಿ'. ಆ ಚೀಟಿ ಈಗಲೂ ಇದೆ. ಬಿಸಿಲಿಗೆ ಹಳದಿಯಾಗಿದೆ.

ಸಣ್ಣ ಸಣ್ಣ ಸಂಗತಿಗಳು ನೆನಪಾಗುತ್ತವೆ. ಅವರ ಚೀಲದಲ್ಲಿ ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರು ಒಂದು ಇರುತ್ತಿತ್ತು. ಕಂಪ್ಯೂಟರು ಎದ್ದೇಳದೆ ಬರೀ ಬೀಪ್ ಬೀಪ್ ಎಂದರೆ, ಒಳಗಿನ ಮೆಮೊರಿಯ ಕಡ್ಡಿಯನ್ನು ತೆಗೆದು, ಅದರ ಚಿನ್ನದ ಬಣ್ಣದ ಅಂಚನ್ನು ಆ ರಬ್ಬರಿನಿಂದ ಉಜ್ಜಿ, ಮತ್ತೆ ಸಿಕ್ಕಿಸುತ್ತಿದ್ದರು. ಎದ್ದುಬಿಡುತ್ತಿತ್ತು. ಒಮ್ಮೆ ನಾನು, ಅಳಿಸೋ ರಬ್ಬರಲ್ಲಿ ಉಜ್ಜಿದರೆ ನೆನಪು ಅಳಿಸಿ ಹೋಗೋಲ್ವೇ ಮೇಷ್ಟ್ರೆ ಎಂದು ಕೇಳಿದೆ. ಕೊಳೆ ಅಳಿಸತೈತ್ರಿ ಅಷ್ಟ, ಎಂದರು. ಕಾಫಿ ಕೊಟ್ಟರೆ ಕಂಪ್ಯೂಟರಿನಿಂದ ನಾಲ್ಕು ಮಾರು ದೂರ ಹೋಗಿ ಬಾಗಿಲ ಬಳಿ ನಿಂತು ಕುಡಿಯುತ್ತಿದ್ದರು. ಹೊಸದು ಕೊಂಡುಕೊಳ್ಳಿ ಎಂದು ಅವರು ಯಾರಿಗೂ ಹೇಳಿದ್ದಿಲ್ಲ. ಎದುರು ಮನೆ ಮೇಡಂ ಅವರ ಪಿಂಚಣಿಯ ಪುಟ ತೆರೆಯುತ್ತಿರಲಿಲ್ಲ. ಬೇರೆಯವರು ಮೆಷಿನ್ ಬದಲಾಯಿಸಿ ಎಂದಿದ್ದರು. ತಾನಾಗಿ ಎದ್ದು ಬರುವ ಪಾಪಪ್ ಕಿಟಕಿಗಳನ್ನು ತಡೆಯುವ ಒಂದು ಸೆಟ್ಟಿಂಗು ಅಡ್ಡ ಬರುತ್ತಿತ್ತು, ಅಷ್ಟೆ. ಎಲ್ಲದಕ್ಕೂ ಬಾಗಿಲು ತೆಗೆಯುವ ಬದಲು ಆ ಒಂದು ಪುಟಕ್ಕೆ ಮಾತ್ರ ತೆಗೆಸಿದರು. ಬಾಗಿಲು ತೆಗೆಯೂದು ಸುಲಭ, ಯಾರಿಗೆ ತೆಗಿಬೇಕು ಅನ್ನೂದ ಕಲಿಬೇಕು ಎಂದು ಮೇಡಂಗೇ ಪಾಠ ಹೇಳಿದರಂತೆ. ಮೇಡಂ ನಮಗೆ ಅದನ್ನು ನಗುತ್ತ ಹೇಳಿದ್ದರು.

ಹೀಗೆ ಭಾನುವಾರ ಬಂತೆಂದರೆ ನಮ್ಮ ಬೀದಿಯಲ್ಲಿ, ಹಿಂದಿನ ಬೀದಿಯಲ್ಲಿ, ನಮ್ಮದಲ್ಲದೆ ಹನ್ನೊಂದು ಮನೆಗಳಲ್ಲಿ ಮೇಷ್ಟ್ರ ದನಿ. ಓದ್ರಿ, ಜೋರಾಗಿ ಓದ್ರಿ. ದಾರಿಯಲ್ಲಿ ಹೋಗುವವರು ಇಲ್ಲೇನೋ ದೊಡ್ಡವರ ಶಾಲೆ ಇದೆ ಎಂದುಕೊಳ್ಳಬೇಕು.

ಇನ್ನು ನನ್ನ ವಿಷಯ.

ಮಧ್ಯಾಹ್ನ ಹೆಂಡತಿ ಭಜನೆಗೆ ಹೋದರೆ ನಾನು ಒಬ್ಬನೇ. ಹಳೆಯ ಸಿನಿಮಾಗಳನ್ನು ಪುಕ್ಕಟೆ ತೋರಿಸುವ ಪುಟವೊಂದು ಸಿಕ್ಕಿತ್ತು. ಒಂದು ಶುಕ್ರವಾರ ಸಿನಿಮಾದ ಪಕ್ಕದಲ್ಲಿ ಒಬ್ಬ ಹೆಂಗಸಿನ ಚಿತ್ರ ಬಂತು. ಮೂವತ್ತೈದು ನಲವತ್ತರ ವಯಸ್ಸು. ಕೆಳಗೆ ಬರೆದಿತ್ತು: ಬನಶಂಕರಿ, ನಿಮ್ಮಿಂದ ಎರಡು ಕಿಲೋಮೀಟರ್, ಮಾತಾಡಲು ಯಾರೂ ಇಲ್ಲ. ನನಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಎರಡು ಕಿಲೋಮೀಟರ್ ಒಳಗೆ ನನಗೆ ಗೊತ್ತಿಲ್ಲದ ಮನೆ ಯಾವುದಿದೆ, ಇವಳು ಯಾರ ಮನೆಯವಳು ಎಂದು. ಹುಟ್ಟಿದ ಊರಿನಲ್ಲೇ ಮುದುಕನಾದವನಿಗೆ ಮಾತ್ರ ಬರುವ ಯೋಚನೆ ಅದು. ಆದರೆ ಅದೊಂದೇ ಎಂದು ಹೇಳಿದರೆ ಈಗಲೂ ಸುಳ್ಳು ಹೇಳಿದ ಹಾಗಾಗುತ್ತದೆ. ನೋಡಬೇಕು ಎನಿಸಿತು. ಮಾತಾಡಬೇಕು ಎನಿಸಿತು. ಅರವತ್ತು ದಾಟಿದ, ಮೊಮ್ಮಗು ಎತ್ತಿದ ಕೈ ಆ ಚಿತ್ರದ ಮೇಲೆ ಒತ್ತಿತು.

ಮುಂದೆ ಹೋಗಬೇಕಾದರೆ 'ಅಲೋ' ಒತ್ತಿ, ಅಂದರೆ ಒಳಗೆ ಬರಲು ಒಪ್ಪಿಗೆ ಕೊಡಿ, ಎಂದಿತು. ಒತ್ತಿದೆ. ಇನ್ನೊಂದು ಪುಟ, ಇನ್ನೊಂದು ಅಲೋ. ಕಣ್ಣೆದುರಿಗೇ ಇದ್ದ ಮೇಷ್ಟ್ರ ಚೀಟಿಯನ್ನು ಓದಲಿಲ್ಲ, ಪರದೆಯನ್ನೂ ಓದಲಿಲ್ಲ. ಆರು ಸಲ ಒತ್ತಿರಬೇಕು. ಒಂದು ಕಡೆ ಬರೆಯುವ ಜಾಗ ಬಂದಾಗ, ನಮಸ್ಕಾರ, ನಾನು ಚಿಕ್ಕಲಸಂದ್ರದವನು, ನೀವು ಯಾರ ಪೈಕಿ ಎಂದು ಟೈಪು ಮಾಡಿದೆ. ಕನ್ನಡದಲ್ಲಿ, ಹೆಂಡತಿ ಹಾಕಿಸಿಕೊಂಡಿದ್ದ ತಂತ್ರಾಂಶದಲ್ಲಿ. ಉತ್ತರ ಬರಲಿಲ್ಲ. ನಾಚಿಕೆಯಾಗಿ ಎಲ್ಲ ಮುಚ್ಚಿದೆ. ಮಾರನೆಯ ದಿನ ಪರದೆಯ ಮೂಲೆಯಲ್ಲಿ ಎರಡು ಸಲ ಒಂದೊಂದು ಚಿತ್ರ ಎದ್ದು ಬಂತು, ಬೇರೆ ಹೆಂಗಸರದು, ಮೈಮೇಲೆ ಬಟ್ಟೆ ಕಡಿಮೆ. ಮುಚ್ಚಿದೆ. ಹೋಯಿತು ಎಂದುಕೊಂಡೆ.

ಭಾನುವಾರ ಮಧ್ಯಾಹ್ನ ಭಜನೆ ಮಂಡಳಿಯವರು ಎಂಟು ಜನ ನಮ್ಮ ಮನೆಗೆ ಬಂದರು. ಶ್ರಾವಣದ ಪೂಜೆಯ ಫೋಟೋಗಳನ್ನು ದೊಡ್ಡ ಪರದೆಯಲ್ಲಿ ನೋಡಲಿಕ್ಕೆ. ಎದುರು ಮನೆ ಮೇಡಂ ಕೂಡ ಇದ್ದರು. ನನ್ನ ಹೆಂಡತಿ ಕುರ್ಚಿಯಲ್ಲಿ ಕೂತು ಒಂದೊಂದೇ ಫೋಟೋ ತೋರಿಸುತ್ತಿದ್ದಳು. ದೇವರ ಅಲಂಕಾರದ ಫೋಟೋ ಬಂದಾಗ ಮೂಲೆಯಲ್ಲಿ ಟಿಣ್ ಎಂದು ಶಬ್ದವಾಗಿ ಒಂದು ಚಿತ್ರ ಎದ್ದಿತು. ಅವಳು ಮುಚ್ಚಿದಳು. ಅದರ ಜಾಗಕ್ಕೆ ಇನ್ನೆರಡು ಬಂದವು. ಏನು ಚಿತ್ರ ಎಂದು ಬರೆಯಬೇಕಾಗಿಲ್ಲ. ಒಬ್ಬರು ಎದ್ದು ಅಡುಗೆಮನೆಗೆ ಹೋದರು. ಉಳಿದವರು ನನ್ನ ಕಡೆ ನೋಡಲಿಲ್ಲ, ನೋಡದೇ ಇರುವುದು ನನಗೆ ಕಾಣುತ್ತಿತ್ತು.

"ಏನ್ರೀ ಇದು?" ಎಂದಳು ಹೆಂಡತಿ. ಅವಳ ಮುಖದಲ್ಲಿ ಅನುಮಾನ ಇರಲಿಲ್ಲ, ಭಯ ಇತ್ತು.

ಹಿಂದಿನ ಗುರುವಾರ ಕಚೇರಿಗೆ ರಜೆಯೆಂದು ಮೇಷ್ಟ್ರು ಬಂದು ಪ್ರಿಂಟರು ಸರಿಮಾಡಿ ಹೋಗಿದ್ದರು. ನನ್ನ ನಾಲಿಗೆಗೆ ಅದು ತಾನಾಗಿಯೇ ಬಂತು. "ಆ ಮೇಷ್ಟ್ರು ಮೊನ್ನೆ ಬಂದು ಏನೋ ಹಾಕಿದ್ರಲ್ಲ, ಅದೇ ಇರ್ಬೇಕು. ಏನ್ ಹಾಕಿ ಹೋಗಿದಾರೋ ಏನೋ," ಎಂದೆ.

ಅವರು ಆಗ ಹಿಂದಿನ ಬೀದಿಯಲ್ಲೇ ಯಾರದೋ ಮನೆಯಲ್ಲಿದ್ದರು. ಮೇಡಂ ಫೋನು ಮಾಡಿ ಕರೆಸಿದರು. ಐದು ನಿಮಿಷದಲ್ಲಿ ಬಂದುಬಿಟ್ಟರು. ಚಪ್ಪಲಿ ಬಿಟ್ಟು ಒಳಗೆ ಬಂದು, ಅಷ್ಟು ಜನ ಹೆಂಗಸರನ್ನು ನೋಡಿ ಎಲ್ಲರಿಗೂ ಒಂದೇ ನಮಸ್ಕಾರ ಮಾಡಿದರು. ನನ್ನ ಹೆಂಡತಿ ಎದ್ದು ಕುರ್ಚಿ ಬಿಟ್ಟಳು. ಆ ಖಾಲಿ ಕುರ್ಚಿಯನ್ನು ನೋಡಿ ನಾನು ಗೋಡೆಯ ಕಡೆಗೆ ಸರಿದೆ. ಈಗ ಮೇಷ್ಟ್ರು ನನ್ನನ್ನು ಅಲ್ಲಿ ಕೂರಿಸುತ್ತಾರೆ. ಸೆಟ್ಟಿಂಗ್ಸ್ ತೆಗೆಸುತ್ತಾರೆ. ನಾನು ಯಾರು ಯಾರಿಗೆ ಬಾಗಿಲು ತೆರೆದಿದ್ದೇನೆ ಎಂಬ ಪಟ್ಟಿ ಅಲ್ಲಿರುತ್ತದೆ, ಯಾವ ದಿನ ಎಲ್ಲೆಲ್ಲಿ ಹೋಗಿದ್ದೇನೆ ಎಂಬುದೂ ಇರುತ್ತದೆ. ಅವರೇ ಕಲಿಸಿದ್ದು. ಆಮೇಲೆ ಹಿಂದೆ ನಿಂತು ಹೇಳುತ್ತಾರೆ, ಜೋರಾಗಿ ಓದ್ರಿ, ಯಜಮಾನ್ರ. ಎಂಟು ಜನ ಹೆಂಗಸರ ಎದುರಿಗೆ.

ಮೇಷ್ಟ್ರು ಪರದೆಯನ್ನು ಒಂದು ಸಲ ನೋಡಿದರು. ನನ್ನ ಮುಖವನ್ನು ಒಂದು ಸಲ ನೋಡಿದರು. ನನ್ನನ್ನು ಕೂರಿ ಎನ್ನಲಿಲ್ಲ. ಕಟ್ಟಿಕೊಂಡಿದ್ದ ಕೈ ಬಿಚ್ಚಿ, ಕುರ್ಚಿಯನ್ನು ಎಳೆದು, ತಾವೇ ಕೂತರು. ಮಾನಿಟರನ್ನು ಗೋಡೆಯ ಕಡೆಗೆ ಅರ್ಧ ತಿರುಗಿಸಿಕೊಂಡು, ಬೇರೆ ಯಾರಿಗೂ ಕಾಣದ ಹಾಗೆ, ಬಾಯಿ ಮುಚ್ಚಿಕೊಂಡು ಕೆಲಸ ಶುರುಮಾಡಿದರು. ಟೈಪಿಂಗ್ ಮೇಷ್ಟ್ರ ಬೆರಳುಗಳು ಎಷ್ಟು ಬೇಗ ಓಡುತ್ತವೆ ಎಂಬುದನ್ನು ನಾನು ಅವತ್ತೇ ನೋಡಿದ್ದು.

ನನ್ನ ಹೆಂಡತಿ ಮೆಲ್ಲಗೆ ಮೇಡಂ ಹತ್ತಿರ, ಯಾವತ್ತೂ ಕೂರದೇ ಇರೋರು ಇವತ್ತು ಅವ್ರೇ ಯಾಕೆ ಕೂತ್ರು ಎಂದದ್ದು ನನಗೆ ಕೇಳಿಸಿತು. ಮೇಡಂ ತಲೆ ಅಲ್ಲಾಡಿಸಿದರು. ನಲವತ್ತು ವರ್ಷ ಮಕ್ಕಳ ಕಳ್ಳತನ ಹಿಡಿದವರು. ಪುಸ್ತಕ ಅಡಗಿಸಿ ಇಟ್ಟುಕೊಂಡವನೇ ಕಳ್ಳ ಎಂಬ ಲೆಕ್ಕ ಅವರದು.

ಮೇಷ್ಟ್ರು ಎದ್ದರು. ಮಾನಿಟರನ್ನು ಮೊದಲಿನ ಹಾಗೆ ತಿರುಗಿಸಿದರು. ದೇವರ ಅಲಂಕಾರದ ಫೋಟೋ ಅಲ್ಲೇ ಇತ್ತು. ಮೂಲೆ ಖಾಲಿ.

"ಇದು ಹೇಗೆ ಬಂತು ಮೇಷ್ಟ್ರೆ?" ಎಂದು ಮೇಡಂ ಕೇಳಿದರು. "ಮೊನ್ನೆ ನೀವು ಏನೋ ಹಾಕಿದ್ದರಿಂದ ಬಂದಿರಬಹುದು ಅಂತಿದಾರೆ ಇವರು."

ಮೇಷ್ಟ್ರು ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ. ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನ ಕಡೆ ಮೇಷ್ಟ್ರು ನೋಡುತ್ತಾರಲ್ಲ, ಹಾಗೆ. ಹೇಳು, ನಿನಗೆ ಗೊತ್ತಿದೆ ಎನ್ನುವ ಹಾಗೆ. ನನಗೆ ಸಮಯ ಕೊಟ್ಟರು. ನಾನು ಫ್ಯಾನಿನ ಸ್ವಿಚ್ಚು ನೋಡುತ್ತ ನಿಂತಿದ್ದೆ.

"ಕಡೀಗೆ ಮುಟ್ಟಿದಾಂವ ನಾನ ಅಲ್ಲೇನ್ರೀ, ಅಮ್ಮಾರ," ಎಂದರು ಮೇಷ್ಟ್ರು. "ಇನ್ನ ಬರೂದಿಲ್ಲ."

ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಆ ಮಾತನ್ನು ಆಮೇಲೆ ಎಷ್ಟು ಸಲ ನೆನೆದಿದ್ದೇನೋ. ಅದರಲ್ಲಿ ಸುಳ್ಳಿಲ್ಲ. ಕೊನೆಗೆ ಮುಟ್ಟಿದವರು ಅವರೇ, ಆ ಹತ್ತು ನಿಮಿಷ ಮುಟ್ಟಿದ್ದರು. ಆದರೆ ಅಲ್ಲಿದ್ದವರೆಲ್ಲ ಅದನ್ನು ತಪ್ಪೊಪ್ಪಿಗೆ ಎಂದೇ ತಿಳಿದರು. ಅದು ಅವರಿಗೆ ಹಾಗೆ ಕೇಳಿಸಲಿ ಎಂದೇ ನನಗೂ ಇತ್ತು.

ಮುಂದಿನ ಭಾನುವಾರ ನಮ್ಮ ಬೀದಿಯಲ್ಲಿ ಯಾರೂ ಓದಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಮನೆಯಲ್ಲಿ ಹೆಣ್ಣುಮಕ್ಕಳಿದ್ದಾರೆ, ಅಂಥವರನ್ನು ಒಳಗೆ ಸೇರಿಸಬಾರದು ಎಂದು ಆಡಿಕೊಂಡರು. ಒಂದೆರಡು ಸಲ ಅವರು ಚೀಲ ಹಾಕಿಕೊಂಡು ನಮ್ಮ ಬೀದಿಯ ತುದಿಯಲ್ಲಿ ಬರುವುದನ್ನು ಮಹಡಿಯಿಂದ ನೋಡಿದೆ. ಯಾರಾದರೂ ಕರೆಯುತ್ತಾರೇನೋ ಎಂದು ನಿಧಾನವಾಗಿ ನಡೆಯುತ್ತಿದ್ದರು. ನಾನು ಒಗೆದ ಬಟ್ಟೆಯ ಹಿಂದೆ ಸರಿದುಕೊಂಡೆ. ಆಮೇಲೆ ಬರುವುದು ನಿಂತಿತು. ತಿಲಕ್ ನಗರದ ರೂಮು ಬಿಟ್ಟು ತಲಘಟ್ಟಪುರದ ಕಡೆಗೆ ಹೋದರೆಂದು ಸುದ್ದಿ.

ಒಂದು ಸಲ ಸಿಕ್ಕಿದ್ದರು. ಬನಶಂಕರಿ ಬಸ್ ನಿಲ್ದಾಣದಲ್ಲಿ, ಬೆಳಗಿನ ಹೊತ್ತು. ನಾನು ನೋಡದ ಹಾಗೆ ಹೋಗಬಹುದಿತ್ತು, ಅವರೇ ಕರೆದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೆಷಿನ್ ಹೇಗಿದೆ ಎಂದು ಕೇಳಿದರು, ಅಮ್ಮನವರ ಟೈಪಿಂಗು ಎಲ್ಲಿಗೆ ಬಂತು ಎಂದು ಕೇಳಿದರು. ನಾನು ಹೇಳಬೇಕೆಂದು ಬಾಯಿ ತೆರೆದೆ. ಮೇಷ್ಟ್ರೆ, ಅವತ್ತು, ಎಂದೆ. ಮುಂದಕ್ಕೆ ಬರಲಿಲ್ಲ. ಅವರು ತಮ್ಮ ಬಸ್ಸಿನ ಕಡೆ ನೋಡುತ್ತ ಹೇಳಿದರು:

"ಪಟ್ಟಿ ಒಳಗಿನ ಹೆಸರು ನಾ ಅಳಿಸಿಲ್ರೀ, ಯಜಮಾನ್ರ. ಅಳಿಸಿದ್ರ ಅವು ಮತ್ತ ಬಂದು ಕೇಳ್ತಾವು. ಬ್ಲಾಕ್ ಮಾಡೀನಿ. ಹಂಗ ಮಾಡಿದ್ರ ಹೆಸರು ಅಲ್ಲೇ ಇರ್ತಾವು, ಆದ್ರ ಕಾಡೂದಿಲ್ಲ. ನೀವು ಅದನ್ನ ತಗೀಲಿಕ್ಕೆ ಹೋಗಬ್ಯಾಡ್ರಿ."

ಬಸ್ಸು ಬಂತು, ಹತ್ತಿಕೊಂಡರು. ಅವರು ಹೇಳಿದ್ದು ಸೆಟ್ಟಿಂಗಿನ ವಿಷಯ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ. ಮೇಷ್ಟ್ರು ಎರಡರ್ಥದ ಮಾತಾಡುವವರಲ್ಲ ಎಂದುಕೊಂಡೆ. ಕಾಡುವುದಿಲ್ಲ ಎಂದದ್ದು ಮಾತ್ರ ನನ್ನ ಪಾಲಿಗೆ ನಿಜವಾಗಲಿಲ್ಲ.

ಹೋದ ತಿಂಗಳು ಎದುರು ಮನೆ ಮೇಡಂ ಸಂಜೆ ಬಂದು ಜಗಲಿಯಲ್ಲಿ ಕೂತರು. ತಲಘಟ್ಟಪುರದಲ್ಲಿರುವ ಅವರ ತಂಗಿಯ ಮನೆಗೆ ಮೇಷ್ಟ್ರು ಈಚೆಗೆ ಹೋಗುತ್ತಿದ್ದರಂತೆ. ಎರಡು ಭಾನುವಾರ ಬರಲಿಲ್ಲವೆಂದು ವಿಚಾರಿಸಿದರೆ, ಹೃದಯ ನಿಂತು ಹೋಗಿಬಿಟ್ಟರು ಎಂದು ತಿಳಿಯಿತಂತೆ. ನನ್ನ ಹೆಂಡತಿ ಸೆರಗು ಕಣ್ಣಿಗೆ ಒತ್ತಿಕೊಂಡಳು. ನನಗೆ ಅಕ್ಷರ ಕಲಿಸಿದವರ ಹಾಗೆ ಅವ್ರು ಎಂದಳು. ಮೇಡಂ ಕೂಡ ತುಂಬ ಹೊತ್ತು ಒಳ್ಳೆಯ ಮಾತೇ ಆಡಿದರು, ರಬ್ಬರಿನ ಕಥೆ, ಬಾಗಿಲು ತೆಗೆಯುವ ಪಾಠ. ಏಳುವಾಗ ಹೇಳಿದರು:

"ಎಷ್ಟು ಒಳ್ಳೆ ಮನುಷ್ಯ. ನಿಮ್ಮ ಮನೇಲಿ ಅದೊಂದು ಮಾಡಿಕೊಳ್ಳದೇ ಇದ್ದಿದ್ರೆ. ಯಾಕೆ ಹಾಗೆ ಬುದ್ಧಿ ಕೆಟ್ಟಿತೋ."

ನನ್ನ ಹೆಂಡತಿ ಹೌದೆಂದು ತಲೆಯಾಡಿಸಿದಳು. ನಾನು ಅವತ್ತೂ ಸುಮ್ಮನಿದ್ದೆ. ಅವರು ಸತ್ತ ಸುದ್ದಿ ಬಂದ ದಿನವೂ ಸುಮ್ಮನಿದ್ದೆ. ಇದನ್ನು ಬರೆಯುವಾಗ ಇಷ್ಟೆಲ್ಲದರಲ್ಲಿ ನನಗೆ ಅತಿ ಹೇಸಿಗೆ ಎನಿಸುವುದು ಅದು.

ಮಾರನೆಯ ದಿನ ಬೆಳಗ್ಗೆ ತಿಂಡಿ ಆದ ಮೇಲೆ ಕಂಪ್ಯೂಟರು ಹಾಕಿದೆ. ಈಗ ಅದು ಬಹಳ ನಿಧಾನ. ಇನ್ನು ಮುಂದೆ ಹೊಸ ಅಪ್ಡೇಟ್ ಇಲ್ಲವೆಂದು ಬ್ರೌಸರು ದಿನಾ ಹೇಳುತ್ತದೆ. ಹೆಂಡತಿಯನ್ನು ಕರೆದು ಕುರ್ಚಿಯಲ್ಲಿ ಕೂರು ಎಂದೆ. ಯಾಕೆ ಎಂದಳು. ಕೂರು ಎಂದೆ. ನಾನು ಹಿಂದೆ ನಿಂತೆ. ಎರಡೂ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡೆ. ಅಲ್ಲಿ ಒತ್ತು, ಸೆಟ್ಟಿಂಗ್ಸ್, ಅದರ ಕೆಳಗೆ, ನೋಟಿಫಿಕೇಶನ್, ಎಂದು ಒಂದೊಂದೇ ಹೇಳಿದೆ. ಬ್ಲಾಕ್ ಮಾಡಿದ ಪಟ್ಟಿ ತೆರೆದುಕೊಂಡಿತು. ಆರು ಪುಟಗಳ ಹೆಸರು. ಮೇಷ್ಟ್ರು ಬಿಟ್ಟುಹೋದ ಹಾಗೇ ಇದ್ದವು.

"ಗಟ್ಟಿಯಾಗಿ ಓದು," ಎಂದೆ.

ಅವಳು ಓದಿದಳು. ಎರಡನೆಯ ಹೆಸರಿಗೆ ದನಿ ಇಳಿಯಿತು. ನಾಲ್ಕನೆಯದಕ್ಕೆ ನಿಲ್ಲಿಸಿದಳು. ಇವನ್ನೆಲ್ಲ ಒತ್ತಿ ಒಳಗೆ ಬಿಟ್ಟವನು ನಾನು, ಮೇಷ್ಟ್ರಲ್ಲ, ಶುಕ್ರವಾರ, ನೀನು ಭಜನೆಗೆ ಹೋಗಿದ್ದೆ ಎಂದೆ. ಬನಶಂಕರಿಯ ಹೆಂಗಸಿನ ಚಿತ್ರದಿಂದ ಹಿಡಿದು ಫ್ಯಾನಿನ ಸ್ವಿಚ್ಚಿನವರೆಗೆ ಹೇಳಿದೆ. ಅವಳು ತಿರುಗಿ ನೋಡಲಿಲ್ಲ. ಅವಳ ಹೆಗಲು ಮಾತ್ರ ನನಗೆ ಕಾಣುತ್ತಿತ್ತು. ಹಿಂದೆ ನಿಂತವನಿಗೆ ಮುಖ ಕಾಣುವುದಿಲ್ಲ ಎಂಬುದು ಅವತ್ತು ಗೊತ್ತಾಯಿತು.

ಚಿತ್ರದ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ. ಕನ್ನಡಕ ತೆಗೆದು ಕೀಬೋರ್ಡಿನ ಪಕ್ಕದಲ್ಲಿಟ್ಟಳು.

"ಮನೆ ಮನೆಗೆ ಹೋಗಿ ಹೇಳಿ ಬಂದೋಳು ನಾನು," ಎಂದಳು. "ನಿಮ್ಮ ಮಾತು ನಂಬಿ. ಹೆಣ್ಮಕ್ಳಿರೋ ಮನೆ, ಅವ್ರನ್ನ ಕರೀಬೇಡಿ ಅಂತ ಹನ್ನೊಂದು ಮನೆಗೂ ನಾನೇ ಹೋಗಿ ಹೇಳ್ದೆ."

ಇದು ನನಗೆ ಗೊತ್ತಿರಲಿಲ್ಲ. ಸುದ್ದಿ ತಾನಾಗಿ ಹರಡಿತು ಎಂದುಕೊಂಡಿದ್ದೆ. ಅಕ್ಷರ ಕಲಿಸಿದವರು ಎಂದು ಅಳುವವಳ ಕೈಯಿಂದಲೇ ಅವರ ಬಾಗಿಲುಗಳನ್ನು ಮುಚ್ಚಿಸಿದ್ದೆ.

ಅವಳು ಎದ್ದು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು. "ಅಂಗಿ ಹಾಕ್ಕೊಳ್ಳಿ. ಮೊದ್ಲು ಎದುರು ಮನೆ. ನಾನು ಜೊತೇಲಿ ಬರ್ತೀನಿ, ಮಾತು ಮಾತ್ರ ನೀವೇ ಆಡ್ಬೇಕು," ಎಂದಳು.

ಮೇಡಂ ಬಾಗಿಲು ತೆಗೆದು, ಇಬ್ಬರೂ ಒಟ್ಟಿಗೆ ಬಂದದ್ದಕ್ಕೆ ಆಶ್ಚರ್ಯಪಟ್ಟು, ಕಂಪ್ಯೂಟರಿನ ಮುಂದಿದ್ದ ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿ ಕೂತ್ಕೊಳ್ಳಿ ಎಂದರು. ನಾನು ಕೂರಲಿಲ್ಲ. ನಿಂತೇ ಹೇಳಿದೆ. ಮೇಡಂ ಕೊನೆಯವರೆಗೂ ಕೇಳಿ, ಹಾಗಾದರೆ ಅವರು ಅವತ್ತು ಪರದೆ ತಿರುಗಿಸಿಕೊಂಡದ್ದು, ಎಂದು ಶುರುಮಾಡಿ ಮಾತು ಮುಗಿಸಲಿಲ್ಲ. ನಮ್ಮನ್ನು ಕಳಿಸಲು ಬಾಗಿಲಿಗೂ ಬರಲಿಲ್ಲ.

ಹಾಗೆ ಒಂಬತ್ತು ಮನೆ ಆಯಿತು. ಕೆಲವರು ಬೈದರು. ಒಬ್ಬರು ನಕ್ಕರು. ಒಬ್ಬರು, ಹೋಗ್ಲಿ ಬಿಡಿ ಅಂಕಲ್, ಈಗ ಅವ್ರೇ ಇಲ್ವಲ್ಲ ಎಂದರು. ಅದೇ ಎಲ್ಲಕ್ಕಿಂತ ಕಷ್ಟವಾಯಿತು. ನನ್ನ ಹೆಂಡತಿ ಒಂಬತ್ತು ಮನೆಯಲ್ಲೂ ಪಕ್ಕದಲ್ಲಿ ನಿಂತಿದ್ದಳು. ಮನೆಗೆ ಬಂದ ಮೇಲೆ ನನ್ನ ಜೊತೆ ಅಷ್ಟಾಗಿ ಮಾತಿಲ್ಲ.

ಇನ್ನು ಎರಡು ಮನೆ ಉಳಿದಿವೆ. ಆ ಎರಡೂ ಕುಟುಂಬಗಳು ನಮ್ಮ ಬೀದಿ ಬಿಟ್ಟು ಎಷ್ಟೋ ಕಾಲವಾಯಿತು. ಎಲ್ಲಿದ್ದಾರೋ ಯಾರಿಗೂ ತಿಳಿಯದು. ಅವರಿಗಾಗಿ ಇದನ್ನು ಬರೆದಿದ್ದೇನೆ. ಚಿಕ್ಕಲಸಂದ್ರದಲ್ಲಿ ಇದ್ದಾಗ ನಿಮ್ಮ ಮನೆಗೆ ಭಾನುವಾರ ಒಬ್ಬ ಮೇಷ್ಟ್ರು ಬರುತ್ತಿದ್ದರು, ಆಮೇಲೆ ಒಂದು ಮಾತು ಕೇಳಿ ನೀವು ಅವರನ್ನು ಕರೆಯುವುದು ಬಿಟ್ಟಿರಿ. ಆ ಮಾತು ಸುಳ್ಳು. ಇದು ನಿಮ್ಮ ಕೈಗೆ ಸಿಕ್ಕಿದರೆ ದಯವಿಟ್ಟು ಮನೆಯವರನ್ನೆಲ್ಲ ಕೂರಿಸಿಕೊಂಡು ಓದಿ. ಜೋರಾಗಿ ಓದಿ.